ಗೇಮ್‌ನಲ್ಲಿ ಹೆಸರು ಬದಲಿಸಬೇಕೆ? ಮೊದಲು ಆ ಹೆಸರು ಎಲ್ಲಿದೆ ಎಂದು ನೋಡಿ

ಸೆಟ್ಟಿಂಗ್ಸ್ ಪೂರ್ತಿ ಜಾಲಾಡಿದೆ, ಹೆಸರು ಬದಲಿಸುವ ಬಟನ್ ಎಲ್ಲೂ ಇಲ್ಲ ಎನ್ನುವವರು ಬಹಳ. ಅವರ ಕಣ್ಣು ಸರಿಯಾಗಿಯೇ ಇದೆ. ಅವರು ಹುಡುಕುತ್ತಿರುವ ಜಾಗದಲ್ಲಿ ಆ ಬಟನ್ ಇರುವುದೇ ಇಲ್ಲ, ಅಷ್ಟೆ. ವ್ಯಾಲೊರಂಟ್‌ನಲ್ಲಿ ಕಾಣುವ ಹೆಸರು ವ್ಯಾಲೊರಂಟ್ ಒಳಗಿಲ್ಲ, ರಯಟ್ ಕಂಪನಿಯ ಖಾತೆಯಲ್ಲಿದೆ. ಕೌಂಟರ್ ಸ್ಟ್ರೈಕ್‌ನದ್ದು ಸ್ಟೀಮ್ ಎಂಬ ಪಿಸಿ ಆಟಗಳ ಅಂಗಡಿಯ ಪ್ರೊಫೈಲ್‌ನಲ್ಲಿದೆ. ಫೋನಿನಲ್ಲಿ ಆಡುವ ಬಿಜಿಎಂಐನದ್ದು (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆಟದ ಒಳಗೇ ಇದೆ ನಿಜ, ಆದರೆ ಸೆಟ್ಟಿಂಗ್ಸ್‌ನಲ್ಲಲ್ಲ, ಇನ್ವೆಂಟರಿಯಲ್ಲಿ, ಅಂದರೆ ನಿಮ್ಮ ಸಾಮಾನುಗಳ ಚೀಲದಲ್ಲಿ. ಹೆಸರಿನ ಮನೆ ಯಾವುದು ಎಂದು ತಿಳಿದರೆ ಉಳಿದದ್ದು ಎರಡು ನಿಮಿಷದ ಕೆಲಸ.

ಮುಂಬಯಿಯಲ್ಲಿ ಈ ಪ್ರಶ್ನೆಗೆ ಒಂದು ಸೀಸನ್ ಇದೆ. ಗಣಪತಿ ಹಬ್ಬ ಹತ್ತಿರ ಬಂತೆಂದರೆ ಡೊಂಬಿವಲಿ, ಠಾಣೆ, ಮೀರಾ ರೋಡ್ ಕಡೆಯ ಸೊಸೈಟಿಗಳಲ್ಲಿ ಹುಡುಗರು ಮಂಟಪದ ಪಕ್ಕದಲ್ಲೇ ಬಿಜಿಎಂಐ ಟೂರ್ನಮೆಂಟ್ ಇಡುತ್ತಾರೆ. ಗೆದ್ದವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಲಾಕ್‌ಡೌನ್ ಕಾಲದಲ್ಲಿ ಹದಿಮೂರನೇ ವಯಸ್ಸಿಗೆ ಇಟ್ಟುಕೊಂಡ ಹೆಸರನ್ನು ಅಪ್ಪ, ಅಮ್ಮ, ಊರಿಂದ ಬಂದ ಅಜ್ಜಿ ಎಲ್ಲರೂ ಕೂತಿರುವಾಗ ಧ್ವನಿವರ್ಧಕದಲ್ಲಿ ಕೇಳುವುದಿದೆಯಲ್ಲ, ಆಗ ಬರುತ್ತಾರೆ ನಮ್ಮ ಬಿಲ್ಡಿಂಗಿನ ಹುಡುಗರು: "ಅಂಕಲ್, ಇದನ್ನ ಹೇಗಾದ್ರೂ ಬದಲಿಸಿಕೊಡಿ."

ನಿಮಗೆ ಇರುವುದು ಒಂದಲ್ಲ, ಮೂರು ಹೆಸರು

ಮೊದಲನೆಯದು ಗುರುತು ಸಂಖ್ಯೆ. ಬಿಜಿಎಂಐನಲ್ಲಿ ಪ್ರೊಫೈಲ್ ತೆರೆದರೆ ಹೆಸರಿನ ಜೊತೆ ಒಂದು ಉದ್ದದ ಸಂಖ್ಯೆ ಕಾಣುತ್ತದೆ. ಸ್ಟೀಮ್‌ನಲ್ಲಿ ಅದು 17 ಅಂಕಿಗಳದ್ದು. ಮೈನ್‌ಕ್ರಾಫ್ಟ್‌ನಲ್ಲಿ ಯುಯುಐಡಿ ಎನ್ನುತ್ತಾರೆ. ಇದು ಖಾತೆ ಹುಟ್ಟಿದಾಗ ಬರುವುದು, ಖಾತೆ ಇರುವವರೆಗೂ ಇರುವುದು. ನಿಮ್ಮ ರ್‍ಯಾಂಕ್, ಸ್ಕಿನ್ (ಆಟದ ವೇಷ, ಬಂದೂಕಿನ ಬಣ್ಣ), ಗೆಳೆಯರ ಪಟ್ಟಿ, ಬ್ಯಾನ್ ಏನಾದರೂ ಆಗಿದ್ದರೆ ಅದೂ, ಎಲ್ಲವೂ ಕಟ್ಟಿಕೊಂಡಿರುವುದು ಈ ಸಂಖ್ಯೆಗೆ.

ಎರಡನೆಯದು ಲಾಗಿನ್ ಹೆಸರು. ಪಾಸ್‌ವರ್ಡ್ ಜೊತೆ ಹಾಕುವಂಥದ್ದು. ಸ್ಟೀಮ್‌ನಲ್ಲಿ ಇದನ್ನು ಬದಲಿಸಲು ಬರುವುದೇ ಇಲ್ಲ. ಯಾರಿಗೂ ಕಾಣದ ಹೆಸರಾದ್ದರಿಂದ ಇದರ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿಯೂ ಇಲ್ಲ.

ಮೂರನೆಯದೇ ಡಿಸ್‌ಪ್ಲೇ ಹೆಸರು. ಲಾಬಿಯಲ್ಲಿ (ಆಟ ಶುರುವಾಗುವ ಮುಂಚಿನ ಪರದೆ), ಕಿಲ್ ಫೀಡ್‌ನಲ್ಲಿ (ಯಾರು ಯಾರನ್ನು ಹೊಡೆದರೆಂಬ ಪಟ್ಟಿ), ಚಾಟ್‌ನಲ್ಲಿ ಬೇರೆಯವರಿಗೆ ಕಾಣುವುದು ಇದೊಂದೇ. ಫ್ಲ್ಯಾಟಿನ ಬಾಗಿಲ ಮೇಲಿನ ಬೋರ್ಡ್ ಬದಲಿಸಿದರೆ ಸೊಸೈಟಿಯ ಷೇರ್ ಸರ್ಟಿಫಿಕೇಟಿನಲ್ಲಿ ಹೆಸರು ಬದಲಾಗುವುದಿಲ್ಲ ತಾನೇ? ಹಾಗೇ ಇದು. ಬೋರ್ಡ್ ಬದಲಿಸುವುದಷ್ಟೇ ನಮ್ಮ ಕೆಲಸ.

ಇದರಿಂದ ಎರಡು ಮಾತು ಗೊತ್ತಾಗುತ್ತವೆ. ಹೆಸರು ಬದಲಿಸಿದರೆ ಲೆವೆಲ್ ಹೋಗುತ್ತದೆ, ಗೆಳೆಯರು ಹೋಗುತ್ತಾರೆ ಎಂಬ ಹೆದರಿಕೆ ಬೇಡ. (ಪ್ಲೇಸ್ಟೇಷನ್‌ನ ಕೆಲವು ಹಳೆಯ ಆಟಗಳು ಮಾತ್ರ ಇದಕ್ಕೆ ಹೊರತು, ಮುಂದೆ ಬರುತ್ತದೆ.) ಹೆಸರು ಬದಲಿಸಿದರೆ ಬ್ಯಾನ್ ತಪ್ಪುತ್ತದೆ, ಬೆನ್ನು ಹತ್ತಿದವರಿಂದ ತಪ್ಪಿಸಿಕೊಳ್ಳಬಹುದು ಎಂಬ ಆಸೆಯೂ ಬೇಡ.

ಕೈ ಹಾಕುವ ಮೊದಲು

ಗುರುತು ಸಂಖ್ಯೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ನಾಳೆ ಏನಾದರೂ ಎಡವಟ್ಟಾದರೆ ಸಪೋರ್ಟ್‌ನವರು ಮೊದಲು ಕೇಳುವುದೇ ಅದನ್ನು. ಗೆಸ್ಟ್ ಆಗಿ ಆಡುತ್ತಿದ್ದರೆ ಖಾತೆಯನ್ನು ಗೂಗಲ್‌ಗೋ ಇನ್ನೊಂದಕ್ಕೋ ಜೋಡಿಸಿ. ಆಟ ಅಳಿಸಿದರೆ, ಫೋನ್ ಕಳೆದರೆ ಗೆಸ್ಟ್ ಖಾತೆ ಹೋಯಿತೆಂದೇ ಲೆಕ್ಕ. ಅದಕ್ಕೆ ದುಡ್ಡು ಕೊಟ್ಟು ಹೆಸರು ಹಾಕುವುದು ವ್ಯರ್ಥ. ಖಾತೆಯಲ್ಲಿರುವ ಇಮೇಲ್ ಈಗಲೂ ತೆರೆಯುತ್ತದೆಯೇ ನೋಡಿ. ಎಪಿಕ್ (ಫೋರ್ಟ್‌ನೈಟ್‌ನ ಕಂಪನಿ), ರಯಟ್ ತರದ ಕಡೆ ಕೋಡ್ ಬರುವುದು ಅಲ್ಲಿಗೇ. ಇದನ್ನೆಲ್ಲ ಮನೆಯಲ್ಲಿ ಕೂತು ಮಾಡಿ. ಬೆಳಗ್ಗೆ ಗರ್ದಿಯ ಲೋಕಲ್‌ನಲ್ಲಿ, ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈಯಲ್ಲಿ ಫೋನ್, ನೆಟ್‌ವರ್ಕ್ ಬರುತ್ತ ಹೋಗುತ್ತ ಇರುವಾಗ 'ಕನ್ಫರ್ಮ್' ಒತ್ತುವ ಸಾಹಸ ಬೇಡ. ಹಲವು ಕಡೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ವಾರಗಟ್ಟಲೆ ಕಾಯಬೇಕು.

ಟೂರ್ನಮೆಂಟ್‌ಗೆ ಹೆಸರು ಕೊಟ್ಟಿದ್ದರೆ ಅದು ಮುಗಿಯುವವರೆಗೆ ಏನನ್ನೂ ಮುಟ್ಟಬೇಡಿ. ನೋಂದಾಯಿಸಿದ ಹೆಸರೂ ಲಾಬಿಯಲ್ಲಿ ಕಾಣುವ ಹೆಸರೂ ಬೇರೆಯಾದರೆ ಆಯೋಜಕರು ಹೊರಗೆ ಹಾಕಬಹುದು. ಬದಲಿಸಲೇಬೇಕಿದ್ದರೆ ನೋಂದಣಿಗೆ ಮುಂಚೆ ಬದಲಿಸಿ.

ಬಿಜಿಎಂಐ

1. ಲಾಬಿಯಲ್ಲಿ ಇನ್ವೆಂಟರಿ ತೆರೆಯಿರಿ.

2. ಬಟ್ಟೆ, ಬಂದೂಕಿನ ಸ್ಕಿನ್‌ಗಳ ಟ್ಯಾಬ್ ಬಿಟ್ಟು ಪೆಟ್ಟಿಗೆಯ ಚಿಹ್ನೆ ಇರುವ ಟ್ಯಾಬ್‌ಗೆ ಹೋಗಿ. ಕೂಪನ್, ಕ್ರೇಟ್, ಕಾರ್ಡ್ ಇತ್ಯಾದಿ ಚಿಲ್ಲರೆ ಸಾಮಾನು ಅಲ್ಲಿರುತ್ತದೆ.

3. ಅದರಲ್ಲಿ ರೀನೇಮ್ ಕಾರ್ಡ್ ಹುಡುಕಿ, ಒತ್ತಿ, 'ಯೂಸ್' ಮಾಡಿ.

4. ಹೊಸ ಹೆಸರು ಬರೆದು ಒಪ್ಪಿಗೆ ಕೊಡಿ. ಆ ಹೆಸರು ಬೇರೆಯವರ ಬಳಿ ಇದ್ದರೆ ಅಲ್ಲೇ ಹೇಳುತ್ತದೆ, ಕಾರ್ಡ್ ಖರ್ಚಾಗುವುದಿಲ್ಲ.

ಎಷ್ಟೋ ಜನರ ಇನ್ವೆಂಟರಿಯಲ್ಲಿ ಲೆವೆಲ್ ಏರಿದ್ದಕ್ಕೆ, ಇವೆಂಟ್ ಮುಗಿಸಿದ್ದಕ್ಕೆ ಸಿಕ್ಕ ಕಾರ್ಡ್ ಅವರಿಗೇ ತಿಳಿಯದಂತೆ ಬಿದ್ದಿರುತ್ತದೆ. ಅಂಗಡಿಗೆ ಹೋಗುವ ಮೊದಲು ಅದನ್ನೊಮ್ಮೆ ನೋಡಿ. ಇಲ್ಲದಿದ್ದರೆ ಆಟದ ಶಾಪ್‌ನಲ್ಲಿ 180 ಯುಸಿಗೆ (ದುಡ್ಡು ಕೊಟ್ಟು ಕೊಳ್ಳುವ ಆಟದ ಹಣ) ಸಿಗುತ್ತದೆ. ನನ್ನ ಸಲಹೆ ಕೇಳಿದರೆ, ಅವಸರವಿಲ್ಲದವರು ಇವೆಂಟ್‌ಗೆ ಕಾಯಲಿ.

ಫ್ರೀ ಫೈರ್ ಮ್ಯಾಕ್ಸ್

2022ರ ಫೆಬ್ರವರಿಯಲ್ಲಿ ಭಾರತದಲ್ಲಿ ಫ್ರೀ ಫೈರ್ ನಿಷೇಧವಾದ ಮೇಲೆ ಹುಡುಗರು ಆಡುತ್ತಿರುವುದು ಮ್ಯಾಕ್ಸ್. ಇದರಲ್ಲಿ ಎಡ ಮೇಲ್ತುದಿಯ ಪ್ರೊಫೈಲ್ ಚಿತ್ರ ಒತ್ತಿ, ಹೆಸರಿನ ಹತ್ತಿರದ ಪೆನ್ಸಿಲ್ ಗುರುತು ಒತ್ತಿದರೆ ಹೊಸ ಹೆಸರಿನ ಡಬ್ಬಿ ತೆರೆದುಕೊಳ್ಳುತ್ತದೆ. ಗರಿಷ್ಠ 12 ಅಕ್ಷರ. ನೇರವಾಗಿ ಮಾಡಿದರೆ 390 ಡೈಮಂಡ್ (ಈ ಆಟದ ಹಣ). ಗಿಲ್ಡ್‌ನಲ್ಲಿ, ಅಂದರೆ ಆಟಗಾರರ ಸಂಘದಲ್ಲಿ, ಇದ್ದವರಿಗೆ ಅಗ್ಗದ ದಾರಿ ಇದೆ: ಗಿಲ್ಡ್ ಟೋಕನ್ ಕೂಡಿಸಿಕೊಂಡು, ಅದರ ಜೊತೆ 39 ಡೈಮಂಡ್ ಕೊಟ್ಟರೆ ಸ್ಟೋರ್‌ನ ರಿಡೀಮ್ ಭಾಗದಲ್ಲಿ ನೇಮ್ ಚೇಂಜ್ ಕಾರ್ಡ್ ಸಿಗುತ್ತದೆ. ಹತ್ತನೇ ಒಂದು ಭಾಗದ ಡೈಮಂಡ್! ಟೋಕನ್‌ಗಾಗಿ ಕೆಲವು ದಿನ ಗಿಲ್ಡ್ ಜೊತೆ ಆಡಿದರೆ ಆಯಿತು. ಇದನ್ನು ಹುಡುಗರಿಗಿಂತ ಅವರ ಯುಪಿಐ ಬಿಲ್ ಕಟ್ಟುವ ಅಪ್ಪಂದಿರು ತಿಳಿದಿರಬೇಕು.

ಕ್ಲ್ಯಾಶ್ ಆಫ್ ಕ್ಲಾನ್ಸ್‌ನಲ್ಲಿ ಟೌನ್ ಹಾಲ್ 5ನೇ ಮಟ್ಟ ತಲುಪಿದವರಿಗೆ ಮೊದಲ ಬದಲಾವಣೆ ಉಚಿತ. ಸೆಟ್ಟಿಂಗ್ಸ್, ಮೋರ್ ಸೆಟ್ಟಿಂಗ್ಸ್, ಚೇಂಜ್ ನೇಮ್. ಆಮೇಲಿನದ್ದಕ್ಕೆ ಜೆಮ್ ಕೊಡಬೇಕು, ಸಲ ಸಲಕ್ಕೂ ಬೆಲೆ ಏರುತ್ತದೆ. ಆದ್ದರಿಂದ ಉಚಿತದ್ದನ್ನು ತಮಾಷೆಗೆ ಕಳೆಯಬೇಡಿ.

ವ್ಯಾಲೊರಂಟ್ ಮತ್ತು ಲೀಗ್ ಆಫ್ ಲೆಜೆಂಡ್ಸ್

ಎರಡಕ್ಕೂ ಒಂದೇ ಹೆಸರು, ರಯಟ್ ಐಡಿ. ಲೀಗ್‌ನಲ್ಲಿ ಬೇರೆಯಾಗಿದ್ದ ಸಮನರ್ ನೇಮ್ ಅನ್ನು 2023ರ ನವೆಂಬರ್‌ನಲ್ಲಿ ತೆಗೆದುಹಾಕಿ ಇದಕ್ಕೇ ಸೇರಿಸಿದರು. ಐಡಿಗೆ ಎರಡು ತುಂಡು. ಮುಂದಿನದು ಹೆಸರು, 3ರಿಂದ 16 ಅಕ್ಷರ. ಹ್ಯಾಶ್ ಗುರುತಿನ ಆಚೆಗಿನದು ಟ್ಯಾಗ್‌ಲೈನ್, 3ರಿಂದ 5 ಅಕ್ಷರ.

1. ಬ್ರೌಸರ್‌ನಲ್ಲಿ ರಯಟ್ ಗೇಮ್ಸ್‌ನ ಖಾತೆ ಪುಟಕ್ಕೆ ಲಾಗಿನ್ ಆಗಿ. ಆಟದ ಒಳಗಿಂದಲ್ಲ.

2. 'ರಯಟ್ ಐಡಿ' ಎಂಬ ಭಾಗಕ್ಕೆ ಹೋಗಿ. ಅದಕ್ಕೂ ಲಾಗಿನ್ ಯೂಸರ್‌ನೇಮ್‌ಗೂ ಗೊಂದಲ ಮಾಡಿಕೊಳ್ಳಬೇಡಿ, ಎರಡೂ ಬೇರೆ.

3. ಪೆನ್ಸಿಲ್ ಒತ್ತಿ ಹೆಸರು, ಟ್ಯಾಗ್ ಎರಡನ್ನೂ ಬರೆಯಿರಿ, ಉಳಿಸಿ. ದುಡ್ಡಿಲ್ಲ.

4. ಆಟ ತೆರೆದಿದ್ದರೆ ಮುಚ್ಚಿ ಮತ್ತೆ ತೆರೆಯಿರಿ.

ಒಮ್ಮೆ ಬದಲಿಸಿದರೆ ಮತ್ತೆ ಬದಲಿಸಲು ಕೆಲವು ಕಾಲ ಬಿಡುವುದಿಲ್ಲ. ಯಾವಾಗ ತೆರೆಯುತ್ತದೆ ಎಂದು ಅದೇ ಪುಟ ತೋರಿಸುತ್ತದೆ.

ಟ್ಯಾಗ್‌ಲೈನ್ ಎಂಬುದು ಚೆನ್ನಾದ ಏರ್ಪಾಡು ಎಂದು ನನಗನ್ನಿಸುತ್ತದೆ. ಹೆಸರು, ಟ್ಯಾಗ್ ಎರಡೂ ಸೇರಿ ಒಬ್ಬರಿಗೊಂದು ಇದ್ದರೆ ಸಾಕು, ಬರೀ ಹೆಸರು ಎಷ್ಟು ಜನರ ಬಳಿಯಾದರೂ ಇರಬಹುದು. ಅಂದರೆ 'ಶೆಟ್ಟಿ' ಎಂಬ ಹೆಸರು, ಸಂಖ್ಯೆ ಬಾಲ ಏನೂ ಇಲ್ಲದೆ, ನಿಮಗೆ ಸಿಗುವ ಸಾಧ್ಯತೆ ಇರುವುದು ಇಂಥ ಕಡೆ. ಒಂದು ಹೆಸರು ಒಬ್ಬರಿಗೇ ಎನ್ನುವ ಆಟದಲ್ಲಿ ಬರೀ 'ಶೆಟ್ಟಿ' ಎಂದು ಬರೆದು ನೋಡಿ, ಮುಂಬಯಿಯಲ್ಲಿ ಯಾರೋ ಒಬ್ಬರು ಯಾವಾಗಲೋ ತೆಗೆದುಕೊಂಡಿರುತ್ತಾರೆ. ಟ್ಯಾಗ್‌ಗೆ ಊರಿನ ಹೆಸರು ಹಾಕುವುದು ರೂಢಿ. ಇದರಲ್ಲಿ ಪುಣೆಯವರಿಗೂ ಗೋವಾದವರಿಗೂ ಅನುಕೂಲ, ಇಂಗ್ಲಿಷಿನಲ್ಲಿ ಪುಣೆ ನಾಲ್ಕಕ್ಷರ, ಗೋವಾ ಮೂರು. ಮುಂಬಯಿ ಆರಕ್ಷರವಾಗಿ ಹೊರಗೆ ಉಳಿಯುತ್ತದೆ, ಹಳೆಯ ಬಾಂಬೆಯೂ ಆರೇ. ಠಾಣೆ, ವಾಶಿ, ಕುರ್ಲಾ ಐದೈದರಲ್ಲಿ ಹಿಡಿಸುತ್ತವೆ. ಉಡುಪಿಯೂ ಹಿಡಿಸುತ್ತದೆ, ಅದನ್ನು ಕಂಡರೆ ಮುಂಬಯಿ ಸರ್ವರ್‌ನಲ್ಲಿ ಯಾರಾದರೂ ಒಬ್ಬರು "ಊರು ಯಾವ್ದು?" ಎಂದು ಕೇಳದೆ ಬಿಡುವುದಿಲ್ಲ.

ಸ್ಟೀಮ್

ಎಲ್ಲಕ್ಕಿಂತ ಸಲೀಸು ಇಲ್ಲಿ. ಮೇಲಿನ ನಿಮ್ಮ ಹೆಸರು ಒತ್ತಿ ಪ್ರೊಫೈಲ್‌ಗೆ ಹೋಗಿ, 'ಎಡಿಟ್ ಪ್ರೊಫೈಲ್' ಒತ್ತಿ, 'ಪ್ರೊಫೈಲ್ ನೇಮ್' ಎಂಬಲ್ಲಿ ಹೊಸದನ್ನು ಬರೆದು ಕೆಳಗೆ 'ಸೇವ್' ಮಾಡಿ. ಉಚಿತ, ಎಷ್ಟು ಸಲ ಬೇಕಾದರೂ, ಬೇರೆಯವರ ಬಳಿ ಅದೇ ಹೆಸರಿದ್ದರೂ ತಕರಾರಿಲ್ಲ. ಕೌಂಟರ್ ಸ್ಟ್ರೈಕ್ 2, ಡೋಟಾ 2 ಎರಡರಲ್ಲೂ ಕಾಣುವುದು ಇದೇ. ಹತ್ತಿರದಲ್ಲೇ 'ರಿಯಲ್ ನೇಮ್' ಎಂಬ ಡಬ್ಬಿ ಇರುತ್ತದೆ. ಅದನ್ನು ತುಂಬಬೇಕೆಂದೇನೂ ಇಲ್ಲ, ಖಾಲಿ ಬಿಡಿ.

ಪ್ರೊಫೈಲ್‌ನಲ್ಲಿ ಹೆಸರಿನ ಪಕ್ಕ ಒಂದು ಚಿಕ್ಕ ಬಾಣವಿದೆ. ಅದನ್ನು ಒತ್ತಿದವರಿಗೆ ನೀವು ಈ ಮುಂಚೆ ಇಟ್ಟುಕೊಂಡಿದ್ದ ಹೆಸರುಗಳು ಕಾಣುತ್ತವೆ. ಅಳಿಸುವ ಆಯ್ಕೆಯೂ ಅಲ್ಲೇ ಇದೆ. ಅಳಿಸದೆ ಬಿಟ್ಟರೆ ಹೆಸರು ಬದಲಿಸಿದ ಉದ್ದೇಶವೇ ಹಾಳು. ಇನ್ನೊಂದು: ಗೆಳೆಯರು ತಮ್ಮ ಪಟ್ಟಿಯಲ್ಲಿ ನಿಮಗೆ ಅಡ್ಡಹೆಸರು ಇಟ್ಟಿದ್ದರೆ, ನೀವು ಏನೇ ಬದಲಿಸಿದರೂ ಅವರಿಗೆ ಅದೂ ಕಾಣುತ್ತಲೇ ಇರುತ್ತದೆ.

ಎಪಿಕ್, ಮೈನ್‌ಕ್ರಾಫ್ಟ್, ಕನ್ಸೋಲ್‌ಗಳು

ಫೋರ್ಟ್‌ನೈಟ್ ಆಡುವವರು ಎಪಿಕ್ ಗೇಮ್ಸ್‌ನ ಜಾಲತಾಣದಲ್ಲಿ ಅಕೌಂಟ್ ಸೆಟ್ಟಿಂಗ್ಸ್ ತೆರೆದು ಡಿಸ್‌ಪ್ಲೇ ನೇಮ್ ಪಕ್ಕದ ಪೆನ್ಸಿಲ್ ಒತ್ತಬೇಕು. ಹೆಸರನ್ನು ಎರಡು ಸಲ ಬರೆಸುತ್ತದೆ. 3ರಿಂದ 16 ಅಕ್ಷರ. ಇಮೇಲ್ ದೃಢಪಡಿಸದಿದ್ದರೆ ಪೆನ್ಸಿಲ್ ಕೆಲಸ ಮಾಡುವುದಿಲ್ಲ. ಒಮ್ಮೆ ಬದಲಿಸಿದರೆ ಎರಡು ವಾರ ಬಾಗಿಲು ಮುಚ್ಚಿತು. ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್‌ಗಳಲ್ಲಿ ಆಡುವಾಗ ಮಾತ್ರ ಅಲ್ಲಿ ಕಾಣುವುದು ಆ ಕನ್ಸೋಲ್‌ನ ಹೆಸರು, ಎಪಿಕ್‌ನದ್ದಲ್ಲ.

ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯಲ್ಲಿ 30 ದಿನಕ್ಕೊಮ್ಮೆ ಉಚಿತವಾಗಿ ಬದಲಿಸಬಹುದು. ಜಾಲತಾಣಕ್ಕೆ ಲಾಗಿನ್ ಆಗಿ ಪ್ರೊಫೈಲ್ ನೇಮ್ ಬದಲಿಸುವ ಆಯ್ಕೆ ಹುಡುಕಿ. ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಬಿಟ್ಟು ಬೇರೇನೂ ಒಪ್ಪುವುದಿಲ್ಲ. ನೀವು ಬಿಟ್ಟ ಹಳೆಯ ಹೆಸರು 37 ದಿನ ಯಾರಿಗೂ ಸಿಗುವುದಿಲ್ಲ. ಲೆಕ್ಕ ಹಾಕಿದರೆ ಅದರ ಜಾಣತನ ಕಾಣುತ್ತದೆ: 30ನೇ ದಿನಕ್ಕೆ ಮನಸ್ಸು ಬದಲಾದರೆ ಹಳೆಯದಕ್ಕೆ ಮರಳಲು ಒಂದು ವಾರ ನಿಮಗೇ ಮೀಸಲು. ಬೆಡ್‌ರಾಕ್ ಆವೃತ್ತಿಯಲ್ಲಿ ಕಾಣುವುದು ಎಕ್ಸ್‌ಬಾಕ್ಸ್ ಗೇಮರ್‌ಟ್ಯಾಗ್.

ಎಕ್ಸ್‌ಬಾಕ್ಸ್‌ನಲ್ಲಿ ತಾನಾಗಿ ಸಿಕ್ಕ ಗೇಮರ್‌ಟ್ಯಾಗನ್ನು ಮೊದಲ ಸಲ ಬದಲಿಸುವುದು ಉಚಿತ, ಆಮೇಲೆ ಶುಲ್ಕ. 12 ಅಕ್ಷರದ ಮಿತಿ. ನೀವು ಕೇಳಿದ ಹೆಸರು ಬೇರೆಯವರ ಬಳಿ ಇದ್ದರೆ ಹಿಂದೆ ಒಂದು ಸಂಖ್ಯೆ ಅಂಟಿಸಿ ಕೊಡುತ್ತದೆ.

ಪ್ಲೇಸ್ಟೇಷನ್ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ಆನ್‌ಲೈನ್ ಐಡಿ ಬದಲಿಸಲು ಬಿಟ್ಟದ್ದೇ 2019ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಇಟ್ಟ ಹೆಸರು ಇಟ್ಟದ್ದೇ. ಅದಕ್ಕೇ ಹಳೆಯ ಆಟಗಳನ್ನು ಹೆಸರು ಬದಲಾಗಬಹುದು ಎಂಬ ಯೋಚನೆಯಿಲ್ಲದೆ ಬರೆದಿದ್ದರು, ಕೆಲವು ಆಟಗಳು ಹೆಸರನ್ನೇ ಗುರುತಾಗಿ ಬಳಸುತ್ತಿದ್ದವು. 2018ರ ಏಪ್ರಿಲ್ 1ರ ನಂತರ ಬಂದ ಪಿಎಸ್4 ಆಟಗಳಲ್ಲಿ ಸಾಮಾನ್ಯವಾಗಿ ತೊಂದರೆಯಿಲ್ಲ. ಅದಕ್ಕಿಂತ ಹಳೆಯದನ್ನು ಆಡುತ್ತಿದ್ದರೆ ಪ್ರಗತಿ, ಆಟದ ಹಣ, ಟ್ರೋಫಿ ಕೈತಪ್ಪುವ ಸಾಧ್ಯತೆಯಿದೆ ಎಂದು ಕಂಪನಿಯೇ ಎಚ್ಚರಿಸುತ್ತದೆ. ದಾರಿ ಹೀಗೆ: ಪಿಎಸ್5ರಲ್ಲಿ ಸೆಟ್ಟಿಂಗ್ಸ್, ಯೂಸರ್ಸ್ ಅಂಡ್ ಅಕೌಂಟ್ಸ್, ಅಕೌಂಟ್, ಪ್ರೊಫೈಲ್, ಆನ್‌ಲೈನ್ ಐಡಿ. ಮೊದಲ ಸಲ ಉಚಿತ, ಆಮೇಲೆ ದುಡ್ಡು. ಆಟ ಕೈಕೊಟ್ಟರೆ ಹಳೆಯ ಐಡಿಗೆ ಮರಳುವುದು ಉಚಿತ.

ರೋಬ್ಲಾಕ್ಸ್: ಇದು ಮಕ್ಕಳಿಗಿಂತ ಮನೆಯವರಿಗೆ

ಇಲ್ಲಿ ಯೂಸರ್‌ನೇಮ್, ಡಿಸ್‌ಪ್ಲೇ ನೇಮ್ ಎರಡೂ ಕಣ್ಣಿಗೆ ಬೀಳುತ್ತವೆ. ಮಗು ಹೆಸರು ಬದಲಿಸಿಕೊಡಿ ಎಂದು ಹಟ ಹಿಡಿದರೆ ಗೊಂದಲವಾಗುವುದು ಇಲ್ಲೇ. ಯೂಸರ್‌ನೇಮ್ ಬದಲಿಸಲು 1,000 ರೋಬಕ್ಸ್ (ದುಡ್ಡು ಕೊಟ್ಟು ಕೊಳ್ಳುವ ಅಲ್ಲಿನ ಹಣ) ಬೇಕು. ಡಿಸ್‌ಪ್ಲೇ ನೇಮ್ ಉಚಿತ, ಏಳು ದಿನಕ್ಕೊಮ್ಮೆ ಬದಲಿಸಬಹುದು, ಆಟದಲ್ಲಿ ತಲೆಯ ಮೇಲೆ ತೇಲುವುದೂ ಅದೇ. ಸೆಟ್ಟಿಂಗ್ಸ್ ತೆರೆದು ಅಕೌಂಟ್ ಇನ್ಫೋದಲ್ಲಿ ಡಿಸ್‌ಪ್ಲೇ ನೇಮ್ ಪಕ್ಕದ ಪೆನ್ಸಿಲ್ ಒತ್ತಿ, ಬರೆದು, ಉಳಿಸಿ. ಸಾವಿರ ರೋಬಕ್ಸ್ ಕೊಡಬೇಕಾದ ಪ್ರಸಂಗ ಒಂದೇ: ಯೂಸರ್‌ನೇಮ್‌ನಲ್ಲೇ ಮಗುವಿನ ನಿಜ ಹೆಸರು, ಹುಟ್ಟಿದ ವರ್ಷ ಇದ್ದಾಗ. ಆಗ ದುಡ್ಡು ನೋಡಬೇಡಿ.

ಯಾವ ಹೆಸರು ಇಡುವುದು

ಬಟನ್ ಒತ್ತುವುದು ಸುಲಭ. ಮನೆಯವರೆಲ್ಲ ತಲೆ ಕೆರೆದುಕೊಳ್ಳುವುದು ಈ ಹಂತದಲ್ಲಿ.

ನಮ್ಮ ಹೆಸರುಗಳಿಗೆ ಮೊದಲ ಕಂಟಕ ಬೈಗುಳದ ಫಿಲ್ಟರ್. ರಕ್ಷಿತ್, ದೀಕ್ಷಿತ್, ಹರ್ಷಿತಾ, ಅಕ್ಷಿತ್ ಎಂಬವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಕೆಲವು ಆಟಗಳು 'ಈ ಹೆಸರು ಸಲ್ಲದು' ಎಂದು ಕೆಂಪಕ್ಷರ ತೋರಿಸುತ್ತವೆ. ಒಳಗೆ ನಾಲ್ಕು ಇಂಗ್ಲಿಷ್ ಅಕ್ಷರ ಸೇರಿ ಒಂದು ಹೊಲಸು ಪದವಾಗುತ್ತದೆ, ಯಂತ್ರಕ್ಕೆ ಕಾಣುವುದು ಅದಷ್ಟೇ. ಇದು ನಮಗೊಬ್ಬರಿಗೇ ಬಂದ ಕಷ್ಟವಲ್ಲ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಎಂಬ ಊರಿನವರು ಎಒಎಲ್ ಎಂಬ ಇಂಟರ್ನೆಟ್ ಕಂಪನಿಯ ಖಾತೆ ತೆರೆಯಲಾಗದೆ ಪರದಾಡಿದ್ದರು, ಊರ ಹೆಸರಿನೊಳಗೇ ಒಂದು ಬೈಗುಳ ಅಡಗಿತ್ತು. ಇಂದಿಗೂ ಈ ತೊಂದರೆಗೆ ಆ ಊರಿನ ಹೆಸರೇ. ದಕ್ಷಿಣದ ರೂಢಿಯಂತೆ ಕೊನೆಗೆ ಎಚ್ ಸೇರಿಸಿದರೂ ಆ ನಾಲ್ಕಕ್ಷರ ಒಡೆಯುವುದಿಲ್ಲ. ಒಡೆಯಬೇಕೆಂದರೆ ನಡುವೆ ಕೈ ಹಾಕಬೇಕು: ಐ ಬದಲು ಎರಡು ಇ, ಇಲ್ಲವೇ ಕೆ-ಎಸ್-ಎಚ್ ಬದಲು ಎಕ್ಸ್. ಅದಕ್ಕಿಂತ ಅಂದ ಮನೆಯಲ್ಲಿ ಕರೆಯುವಂತೆ 'ರಕ್ಷಿ', 'ಅಕ್ಷು' ಎಂದು ಮೊಟಕು ಮಾಡುವುದು.

ಎರಡನೆಯದು, ಕನ್ನಡ ಲಿಪಿಯಲ್ಲೇ ಹೆಸರು ಇಡುವ ಆಸೆ. ಬೆಂಗಳೂರಿನವರಿಗಿಂತ ಮುಂಬಯಿ ಕನ್ನಡಿಗರಿಗೆ ಈ ಆಸೆ ಜಾಸ್ತಿ ಎಂದು ನನ್ನ ಅನುಮಾನ. ಸ್ಟೀಮ್ ಒಪ್ಪುತ್ತದೆ, ಆಡುವವರು ಹರಟುವ ಆ್ಯಪ್ ಡಿಸ್ಕಾರ್ಡ್ ಡಿಸ್‌ಪ್ಲೇ ಹೆಸರಿಗೆ ಒಪ್ಪುತ್ತದೆ. ಮೈನ್‌ಕ್ರಾಫ್ಟ್ ಜಾವಾ, ಪ್ಲೇಸ್ಟೇಷನ್ ಒಪ್ಪುವುದಿಲ್ಲ. ಒಪ್ಪುವಲ್ಲೂ ಎರಡು ತೊಡಕು.

ಒಂದು ಎಣಿಕೆಯದ್ದು. ಶ್ರೀಕೃಷ್ಣ ಎಂದರೆ ನಮಗೆ ಮೂರಕ್ಷರ. ಕಂಪ್ಯೂಟರಿಗೆ ಅದು ಶ, ಹಲಂತ, ರ, ದೀರ್ಘ, ಕ, ವಟ್ರಸುಳಿ, ಷ, ಹಲಂತ, ಣ ಎಂದು ಒಂಬತ್ತು. ಬೈಟ್ ಲೆಕ್ಕದಲ್ಲಿ ಎಣಿಸುವ ಆಟಗಳಲ್ಲಿ ಒಂದೊಂದಕ್ಕೂ ಮೂರು ಬೈಟ್ ಹಿಡಿದು 27. 'ಹೆಸರು ತುಂಬ ಉದ್ದವಾಯಿತು' ಎಂದು ಆಟ ಗೊಣಗಿದರೆ ಕಾರಣ ಇದು.

ಇನ್ನೊಂದು ಕಾಣುವುದರದ್ದು. ಕೆಲವು ಗೇಮ್ ಎಂಜಿನ್‌ಗಳಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಫಾಂಟ್ ಇದ್ದರೂ ಒತ್ತು ಕೆಳಗೆ ಕೂರದೆ, ಹಲಂತ ಪಕ್ಕದಲ್ಲಿ ಬಿದ್ದು, ಹೆಸರು ಚೂರುಚೂರಾಗಿ ಕಾಣುತ್ತದೆ. ಫಾಂಟೇ ಇಲ್ಲದಿದ್ದರೆ ಎದುರಾಳಿಗೆ ಕಾಣುವುದು ಬರೀ ಚೌಕಗಳು. ಹೀಗಾಗಿ ಒತ್ತಕ್ಷರವೂ ಗುಣಿತವೂ ಇಲ್ಲದ ಪದ ಆರಿಸಿ: ಗರಗಸ, ಕಡಲ, ಅರಸ, ಜಗಳ. 'ಅಪಘಾತ' ಬೇಡ, ಅದರಲ್ಲಿ ದೀರ್ಘ ಇದೆ. ಬಿಡಿ ಅಕ್ಷರದ ಪದ ಎಂಥ ಬಡ ಎಂಜಿನ್‌ನಲ್ಲೂ ನೆಟ್ಟಗೆ ನಿಲ್ಲುತ್ತದೆ. ಇಟ್ಟ ಮೇಲೆ ನಿಮ್ಮ ಪರದೆಯಲ್ಲಿ ನೋಡಿ ಖುಷಿಪಡಬೇಡಿ, ಗೆಳೆಯನ ಫೋನಿನಲ್ಲಿ ಹೇಗೆ ಕಾಣುತ್ತದೆ ಎಂದು ಕೇಳಿ.

ಇನ್ನು ಆ ಚೀನೀ ಅಕ್ಷರ, ಕಿರೀಟ, ಸುರುಳಿ ಇಂಗ್ಲಿಷ್ ಹಾಕಿದ 'ಸ್ಟೈಲಿಶ್' ಹೆಸರುಗಳು. ನನಗೆ ಹಿಡಿಸುವುದಿಲ್ಲ, ಕಾರಣವೂ ಇದೆ. ಅಂಥ ಹೆಸರನ್ನು ಯಾರೂ ಟೈಪ್ ಮಾಡಿ ಹುಡುಕಲಾರರು. ಗೆಳೆಯರ ಪಟ್ಟಿಗೆ ಸೇರಿಸಬೇಕೆಂದರೆ ಪ್ರತಿ ಸಲ ಗುರುತು ಸಂಖ್ಯೆ ಕಳಿಸುತ್ತ ಕೂರಬೇಕು. ಕಾಣದ ಖಾಲಿ ಅಕ್ಷರ ಹಾಕಿ ಹೆಸರೇ ಇಲ್ಲದಂತೆ ಮಾಡಿಕೊಳ್ಳುವವರೂ ಇದ್ದಾರೆ. ಕ್ಲಾನ್ ಲೀಡರ್ ಯಾರನ್ನು ಹೊರಗೆ ಹಾಕಬೇಕೆಂದು ತಡಕಾಡುವಾಗ ಮೊದಲು ಹೋಗುವವರು ಅವರೇ.

ಮೈಕಿನಲ್ಲಿ ಕೂಗಿ ನೋಡಿ. ನಮ್ಮ ಸ್ಕ್ವಾಡ್‌ಗಳಲ್ಲಿ ಒಬ್ಬ ತುಳು, ಒಬ್ಬ ಮರಾಠಿ, ಇನ್ನೊಬ್ಬ ಗುಜರಾತಿ, ಆಜ್ಞೆಗಳೆಲ್ಲ ಹಿಂದಿ. ಹಿಂದಿನಿಂದ ಶತ್ರು ಬಂದಾಗ ನಿಮ್ಮನ್ನು ಎಚ್ಚರಿಸಲು ಅವರಿಗೆ ಇರುವುದು ಅರೆಕ್ಷಣ. ಎರಡು ಮೂರು ಅಕ್ಷರದಲ್ಲಿ ಕರೆಯಲು ಬರುವ ಹೆಸರಾದರೆ ನೀವು ಬದುಕುತ್ತೀರಿ.

ಬೇಕಾದ ಹೆಸರು ಸಿಗದಿದ್ದರೆ ಕೊನೆಗೆ ಸಂಖ್ಯೆ ಸೇರಿಸುವುದು ಎಲ್ಲರ ಅಭ್ಯಾಸ. ಸಂಖ್ಯೆ ಎಂದೊಡನೆ ಕೈ ತಾನಾಗಿ ಹುಟ್ಟಿದ ವರ್ಷ ಬರೆಯುತ್ತದೆ. ಅದನ್ನು ತಡೆಯಿರಿ. ಪೂರ್ಣ ಹೆಸರು, ಶಾಲೆ, ಸೊಸೈಟಿ, ಹುಟ್ಟಿದ ವರ್ಷ, ಇವುಗಳಲ್ಲಿ ಯಾವ ಎರಡು ಒಟ್ಟಿಗೆ ಬಂದರೂ ಅಪರಿಚಿತನಿಗೆ ಹುಡುಗನನ್ನೋ ಹುಡುಗಿಯನ್ನೋ ಪತ್ತೆ ಹಚ್ಚುವುದು ಕಷ್ಟವಲ್ಲ. ಸಂಖ್ಯೆ ಬೇಡವೆಂದರೆ ಕಾಗುಣಿತ ಬದಲಿಸಿ. ಪೂಜಾರಿ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಲು ನಾಲ್ಕು ಬಗೆ ಇವೆ, ಒಂದಾದರೂ ಖಾಲಿ ಇರಬಹುದು.

ಬದಲಿಸಿದ ಮೇಲೆ

ಗೆಳೆಯರ ಪಟ್ಟಿಯಲ್ಲಿ ಹೊಸ ಹೆಸರು ತಾನಾಗಿ ಬರುತ್ತದೆ, ಆದರೆ ಅವರಿಗೆ ನೀವು ಯಾರೆಂದು ಹೊಳೆಯುವುದಿಲ್ಲ. ಗುಂಪಿನಲ್ಲಿ ಒಂದು ಸಾಲು ಹಾಕಿ. ಇಲ್ಲದಿದ್ದರೆ ಯಾರೋ ಅಪರಿಚಿತ ಎಂದು ತೆಗೆದುಹಾಕುತ್ತಾರೆ. ಡಿಸ್ಕಾರ್ಡ್‌ನಲ್ಲಿ ಹೆಸರು ತಾನಾಗಿ ಬದಲಾಗುವುದಿಲ್ಲ, ಅದನ್ನು ಬೇರೆಯಾಗಿ ಬದಲಿಸಬೇಕು. ಅಲ್ಲಿಯೂ 2023ರಿಂದ ನಾಲ್ಕಂಕಿಯ ಬಾಲ ಹೋಗಿ ಯೂಸರ್‌ನೇಮ್ ಒಬ್ಬರಿಗೊಂದೇ ಆಗಿದೆ, ಡಿಸ್‌ಪ್ಲೇ ಹೆಸರು ಬೇರೆ. ಒಂದೊಂದು ಸರ್ವರ್‌ಗೆ ಒಂದೊಂದು ನಿಕ್‌ನೇಮ್ ಕೂಡ ಇಡಬಹುದು.

ಹಳೆಯ ಹೆಸರು ಹಲವು ಕಡೆ ಬೇರೆಯವರಿಗೆ ಸಿಗುತ್ತದೆ. ಸೊಸೈಟಿಯಲ್ಲಿ ಚೆನ್ನಾಗಿ ಆಡುವವನೆಂದು ಹೆಸರು ಮಾಡಿದ್ದರೆ ಅದನ್ನು ಯಾರಾದರೂ ಎತ್ತಿಕೊಂಡು ನಿಮ್ಮಂತೆ ನಟಿಸಿ ಗೆಳೆಯರ ಬಳಿ ಯುಸಿ ಕೇಳಬಹುದು. ಇಂಗ್ಲಿಷಿನ ದೊಡ್ಡ ಐ, ಸಣ್ಣ ಎಲ್ ಅದಲುಬದಲು ಮಾಡಿ, ಓ ಬದಲು ಸೊನ್ನೆ ಹಾಕಿ ಹೊಸ ಹೆಸರನ್ನೂ ನಕಲು ಮಾಡಬಹುದು. ಅದಕ್ಕೇ ಗೆಳೆಯರಿಗೆ ಹೇಳಿಡಿ: ಹೆಸರು ನಂಬಬೇಡಿ, ಸಂಖ್ಯೆ ನೋಡಿ.

ಅಗ್ಗದ ಕಾರ್ಡ್ ಮಾರುವವರು

ಟೆಲಿಗ್ರಾಂ, ಇನ್‌ಸ್ಟಾಗ್ರಾಂಗಳಲ್ಲಿ ಅರ್ಧ ಬೆಲೆಗೆ ರೀನೇಮ್ ಕಾರ್ಡ್, ಯುಸಿ, ಡೈಮಂಡ್ ಎಂದು ಸಂದೇಶ ಬರುತ್ತವೆ. ಒಂದೇ ಪರೀಕ್ಷೆ ಸಾಕು: ಅವರು ಕೇಳುತ್ತಿರುವುದೇನು? ಯುಸಿ, ಡೈಮಂಡ್ ತುಂಬಲು ಗುರುತು ಸಂಖ್ಯೆ ಸಾಕು, ಪಾಸ್‌ವರ್ಡ್ ಬೇಡ, ಓಟಿಪಿಯಂತೂ ಬೇಡವೇ ಬೇಡ. ಓಟಿಪಿ ಕೇಳಿದರೆ ಅಲ್ಲಿಗೆ ಮಾತು ಮುಗಿಯಿತು. ಯುಪಿಐನಲ್ಲಿ ದುಡ್ಡು ಬರಬೇಕಾದರೆ ಪಿನ್ ಹಾಕಬೇಕಿಲ್ಲ, ಹಾಕಿಸಿದರೆ ಅದು ನಿಮ್ಮ ಖಾತೆಯಿಂದ ಹೋಗುತ್ತಿದೆ ಎಂದರ್ಥ. ದುಡ್ಡು ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮನೆಯಲ್ಲಿ ಬೈಯುತ್ತಾರೆಂದು ಮುಚ್ಚಿಡುವ ಹುಡುಗರಿಗೆ ಇದ್ದ ಅವಕಾಶವೂ ತಪ್ಪುತ್ತದೆ, ಬೇಗ ಹೇಳಿದಷ್ಟು ಆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಬದಲಿಸದೆ ಮರೆಮಾಡುವುದು

ಕೆಲವರಿಗೆ ಬೇಕಾದದ್ದು ಹೊಸ ಹೆಸರಲ್ಲ, ಅಪರಿಚಿತರಿಗೆ ಹೆಸರು ಕಾಣದಿದ್ದರೆ ಸಾಕು. ವ್ಯಾಲೊರಂಟ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಭಾಗದಲ್ಲಿ ನಿಮ್ಮ ಪಾರ್ಟಿಯ ಹೊರಗಿನವರಿಗೆ ಹೆಸರು ತೋರಿಸದಿರುವ ಆಯ್ಕೆ ಇದೆ. ಅದನ್ನು ಹಾಕಿದರೆ ಅವರಿಗೆ ನೀವು ಆರಿಸಿದ ಏಜೆಂಟ್‌ನ (ಆಟದ ಪಾತ್ರದ) ಹೆಸರಷ್ಟೇ ಕಾಣುತ್ತದೆ. ಫೋರ್ಟ್‌ನೈಟ್‌ನಲ್ಲಿ ಅನಾನಿಮಸ್ ಮೋಡ್ ಎಂದಿದೆ. ಯಾರಾದರೂ ಪೀಡಿಸುತ್ತಿದ್ದರೆ ಇದೂ ಸಾಲದು, ಹೆಸರು ಬದಲಿಸುವುದೂ ಸಾಲದು. ಅವರು ಈಗಾಗಲೇ ನಿಮ್ಮ ಗೆಳೆಯರ ಪಟ್ಟಿಯಲ್ಲಿದ್ದರೆ ಹೊಸ ಹೆಸರು ಅವರಿಗೂ ಅದೇ ಗಳಿಗೆಯಲ್ಲಿ ಕಾಣುತ್ತದೆ. ಮೊದಲು ಬ್ಲಾಕ್ ಮಾಡಿ, ರಿಪೋರ್ಟ್ ಮಾಡಿ, ಆಮೇಲೆ ಹೆಸರಿಗೆ ಕೈ ಹಾಕಿ.

ಹೆಸರು ಬದಲಿಸುವುದು ಹೇಗೆಂದು ಚೆಸ್ ಆಡುವ ಹಿರಿಯರೂ ಕೇಳುತ್ತಾರೆ, ಅವರಿಗೆ ಒಂದು ಮಾತು. ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ಯೂಸರ್‌ನೇಮ್ ಬದಲಿಸಲು ಬರುವುದಿಲ್ಲ. ಇಂಗ್ಲಿಷಿನ ದೊಡ್ಡಕ್ಷರವನ್ನು ಸಣ್ಣದು, ಸಣ್ಣದನ್ನು ದೊಡ್ಡದು ಮಾಡಿಕೊಳ್ಳಬಹುದು, ಅದೂ ಒಂದೇ ಸಲ. ಬೇರೆ ಹೆಸರೇ ಬೇಕೆಂದರೆ ಆ ಖಾತೆ ಮುಚ್ಚಿ ಹೊಸದನ್ನು ತೆರೆಯಬೇಕು, ರೇಟಿಂಗ್ ಮತ್ತೆ ಮೊದಲಿನಿಂದ.